ಊಟದ ಪಂಕ್ತಿ, ಶಾಲೆಯ ಜಗಲಿ, ವರದಿ ಪುಸ್ತಕ

ಬೆಂಗಳೂರಿನಿಂದ ಮೈಸೂರಿನ ಕಡೆ ಹೊರಡುವ ಕೆಲವು ರೈಲುಗಳ ಬೋರ್ಡಿನ ಮೇಲೆ ಈಚೀಚೆಗೆ ‘ಅಶೋಕಪುರಂ’ ಎಂದಿರುತ್ತದೆ. ರೈಲ್ವೆಯವರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು ಅದು. ಅದರಲ್ಲಿ ಸಮಾನತೆಯ ಚಿಂತನೆ ಏನೂ ಇರಲಾರದು. ಆದರೂ ಧ್ವನಿವರ್ಧಕದಲ್ಲಿ ಆ ಹೆಸರು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ನಗು ಬರುತ್ತದೆ. ಊರಿನವರು ಒಂದು ಕಾಲಕ್ಕೆ ಹೊಲಗೇರಿ ಎಂದು ಕರೆದು ಮುಖ ತಿರುಗಿಸುತ್ತಿದ್ದ ಜಾಗ, ಆಮೇಲೆ ಆದಿಕರ್ನಾಟಕಪುರವಾಗಿ, ಅದೂ ಸಾಲದೆಂದು ಚಕ್ರವರ್ತಿಯ ಹೆಸರು ಹೊತ್ತುಕೊಂಡ ಜಾಗ, ಈಗ ರಾಜಧಾನಿಯ ಪ್ರಯಾಣಿಕರಿಗೆಲ್ಲ ಕೊನೆಯ ನಿಲ್ದಾಣ. ಟಿಕೆಟ್ ಕೇಳುವವರು ಜಾತಿ ನೋಡದೆ ಆ ಹೆಸರು ಹೇಳಲೇಬೇಕು.

‘ಮೈಸೂರಿನ ಸಮಾಜಕಾರ್ಯ ಶಿಕ್ಷಣ ಜಾತಿಭೇದದ ಎದುರು ಏನು ಮಾಡಿತು, ಅಶೋಕಪುರಂ ಕಡೆಯಿಂದ ನೋಡಿ ಬರೆದುಕೊಡಿ’ ಎಂದು ಈ ಸಂಚಿಕೆಯ ಸಂಪಾದಕರು ಕೇಳಿದಾಗ ನಾನು ಮೊದಲು ಯೋಚಿಸಿದ್ದು ಪಠ್ಯಕ್ರಮ, ಸಭೆಯ ನಡಾವಳಿ, ವಿಚಾರ ಸಂಕಿರಣದ ಕರಪತ್ರ ಇಂಥವನ್ನೇ. ಆದರೆ ಎಂ.ಎಸ್.ಡಬ್ಲ್ಯೂ. ತರಗತಿಯಿಂದ ಶುರುಮಾಡಿದರೆ ಕಥೆಯನ್ನು ನಡುವಿನಿಂದ ಹೇಳಿದಂತಾಗುತ್ತದೆ. ಆ ಪದವಿ ಇಲ್ಲಿಗೆ ಬರುವುದಕ್ಕೆ ಎಷ್ಟೋ ಮೊದಲೇ ಆ ಕೆಲಸ ಈ ಊರಿನಲ್ಲಿ ನಡೆದಿತ್ತು. ಅದು ನಡೆದದ್ದು ಹೆಚ್ಚಾಗಿ ಅಡುಗೆಮನೆಯ ಹತ್ತಿರ.

ಮೈಸೂರು ವಿದ್ಯೆಯ ಊರು ಎನ್ನುತ್ತೇವೆ. ಬಡ ಹುಡುಗರು ಇಲ್ಲಿ ಓದಿ ದೊಡ್ಡವರಾದ ಕಥೆಗಳು ಒಂದೊಂದು ಮನೆಯಲ್ಲೂ ಇವೆ. ಆ ಕಥೆಗಳನ್ನು ಸ್ವಲ್ಪ ಕೆದಕಿ ನೋಡಿ, ಒಳಗೆ ವಾರಾನ್ನ ಇರುತ್ತದೆ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅದಿಲ್ಲದಿದ್ದರೆ ಅನಾಥಾಲಯ, ಅದೂ ಇಲ್ಲದಿದ್ದರೆ ಜಾತಿಯವರು ಕಟ್ಟಿಸಿದ ವಿದ್ಯಾರ್ಥಿ ನಿಲಯ ಅಥವಾ ಮಠದ ಪ್ರಸಾದ. ಈ ಊರಿನಲ್ಲಿ ಅಕ್ಷರಕ್ಕೆ ಫೀಸು ಕಡಿಮೆ ಇತ್ತು. ಖರ್ಚೆಲ್ಲ ಅನ್ನಕ್ಕೆ ಮತ್ತು ತಲೆ ಮೇಲಿನ ಸೂರಿಗೆ. ಆ ಅನ್ನ, ಆ ಸೂರು ಎರಡೂ ಜಾತಿಯ ಕೈಯಲ್ಲಿದ್ದವು. ಬ್ರಾಹ್ಮಣ ಹುಡುಗನಿಗೆ ಏಳು ಮನೆಗಳ ಬಾಗಿಲು ತೆರೆಯುತ್ತಿದ್ದವು, ತಿ. ನರಸೀಪುರದ ಕಡೆಯಿಂದಲೋ ನಂಜನಗೂಡಿನ ಕಡೆಯಿಂದಲೋ ಬಂದ ಹೊಲೆಯರ ಹುಡುಗನಿಗೆ ಒಂದೂ ಇಲ್ಲ. ಶಾಲೆಯ ಬಾಗಿಲು ತೆರೆದರೂ ಅವನು ಸಂಜೆ ಎಲ್ಲಿಗೆ ಹೋಗಬೇಕು?

ಪಂಚಮ ಬೋರ್ಡಿಂಗ್ ಶಾಲೆ ಎಂಬುದರ ತೂಕ ತಿಳಿಯಬೇಕಾದರೆ ಈ ಪ್ರಶ್ನೆಯಿಂದಲೇ ನೋಡಬೇಕು. ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಮೈಸೂರಿನಲ್ಲಿ ಅಸ್ಪೃಶ್ಯರ ಮಕ್ಕಳಿಗೆ ಓದು, ಊಟ, ವಸತಿ, ಅದರ ಜತೆಗೆ ಕೈಕಸುಬು ಎಲ್ಲ ಒಂದೇ ಕಡೆ ಸಿಗುವಂತೆ ಮಾಡಿತು. ಸರ್ಕಾರದ ಆಜ್ಞೆ ಬರೆಯುವುದು ಸುಲಭ. ಆ ಮಕ್ಕಳ ನಡುವೆ ಹೋಗಿ ಕೂರುವ ಮೇಷ್ಟ್ರು ಸಿಗುವುದು ಕಷ್ಟ. ಸಿಕ್ಕವರು ತಲಕಾಡು ರಂಗೇಗೌಡರು. ಒಕ್ಕಲಿಗರ ಮನೆಯವರು, ಆ ಕೆಲಸ ಒಪ್ಪಿಕೊಂಡದ್ದಕ್ಕೆ ಸ್ವಂತ ನೆಂಟರಿಷ್ಟರ ಬಹಿಷ್ಕಾರ ಅನುಭವಿಸಿದವರು. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಅವರ ಹೆಸರು ಹೊತ್ತ ಹಾಸ್ಟೆಲ್ ಇಂದಿಗೂ ಇದೆ. ಹುಟ್ಟಿನಿಂದ ಬ್ರಾಹ್ಮಣರಾದ ಅವರೂ ದಲಿತರ ವಿದ್ಯಾಭ್ಯಾಸಕ್ಕೆಂದೇ ಬದುಕು ತೆತ್ತವರು. ಅವರ ಹೆಸರು ರಾಜಧಾನಿಯ ಹುಡುಗರ ಬಾಯಲ್ಲಾದರೂ ಉಳಿಯಿತು. ರಂಗೇಗೌಡರ ಹೆಸರು ಸಮಾಜಕಾರ್ಯದ ಎರಡು ವರ್ಷದ ಓದಿನಲ್ಲಿ ನನ್ನ ಕಿವಿಗೆ ಒಮ್ಮೆಯೂ ಬೀಳಲಿಲ್ಲ. ಷಿಕಾಗೋದಲ್ಲಿ ಹಲ್ ಹೌಸ್ ನಡೆಸಿದ ಜೇನ್ ಆಡಮ್ಸ್ ಬಗ್ಗೆ ಮಾತ್ರ ಹತ್ತು ಅಂಕದ ಪ್ರಶ್ನೆಗೆ ಉತ್ತರ ಬರೆದಿದ್ದೇನೆ.

ಪಂಚಮರಿಗೇ ಬೇರೆ ಶಾಲೆ ಎಂಬುದು ಒಂದು ದಾರಿ. ಎಲ್ಲರ ಶಾಲೆಗೂ ಪಂಚಮರು ಹೋಗುವುದು ಇನ್ನೊಂದು. ಎರಡನೆಯದು ಬಂದಾಗಲೇ ಗಲಾಟೆ ಶುರುವಾದದ್ದು. ಹಳ್ಳಿಗಳಲ್ಲಿ ಆ ಮಕ್ಕಳನ್ನು ಸೇರಿಸಿಕೊಂಡರೂ ಜಗಲಿಯ ಮೇಲೋ ಕಿಟಕಿಯ ಆಚೆಗೋ ಕೂರಿಸುತ್ತಿದ್ದರು. ಶೃಂಗೇರಿಯ ಸರ್ಕಾರಿ ಶಾಲೆಗೆ ಪಂಚಮರ ಮಕ್ಕಳನ್ನು ಸೇರಿಸಿಕೊಂಡಾಗ ಮೇಲ್ಜಾತಿಯವರು ತಿರುಗಿಬಿದ್ದರು. ಆಗ ವಿದ್ಯಾ ಇಲಾಖೆಯಲ್ಲಿದ್ದ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು, ಅಂದರೆ ಸಿ.ಆರ್. ರೆಡ್ಡಿ, ಜಗ್ಗಲಿಲ್ಲ. ಸರ್ಕಾರದ ಹಣದಲ್ಲಿ ನಡೆಯುವ ಶಾಲೆಗೆ ಯಾವ ಜಾತಿಯ ಮಗುವನ್ನೂ ಬೇಡವೆನ್ನುವ ಹಾಗಿಲ್ಲ ಎಂಬ ನಿಲುವಿಗೆ ಸರ್ಕಾರವೂ ಅಂಟಿಕೊಂಡಿತು. ಕೆಲವು ಊರುಗಳಲ್ಲಿ ಸವರ್ಣೀಯರು ತಮ್ಮ ಮಕ್ಕಳನ್ನೇ ಶಾಲೆ ಬಿಡಿಸಿದರು. ಬಿಡಿಸಲಿ ಎಂದು ಸುಮ್ಮನಿದ್ದ ಆಡಳಿತ ಅಂದು ಇತ್ತು ಎಂಬುದನ್ನು ಇಂದಿನವರು ನೆನಪಿಡಬೇಕು. ಈಗಲೂ ನಮ್ಮ ಜಿಲ್ಲೆಗಳಲ್ಲಿ ಬಿಸಿಯೂಟಕ್ಕೆ ದಲಿತ ಹೆಂಗಸು ಅಡುಗೆ ಮಾಡಿದರೆ ಮಕ್ಕಳ ಟಿ.ಸಿ. ಕೇಳುವ ತಂದೆತಾಯಿಗಳಿದ್ದಾರೆ, ಅವರಿಗೆ ಹೆದರಿ ಅಡುಗೆಯವಳನ್ನು ಬದಲಾಯಿಸುವ ಶಾಲೆಗಳೂ ಇವೆ.

ಮಿಲ್ಲರ್ ಸಮಿತಿಯ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಇಲ್ಲಿ ಉದ್ದ ಮಾಡುವುದಿಲ್ಲ. 1918ರಲ್ಲಿ ನೇಮಕ, ಮರುವರ್ಷ ವರದಿ, 1921ರಲ್ಲಿ ಆಜ್ಞೆ: ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ. ಅದರ ಫಲವನ್ನು ಹೆಚ್ಚಾಗಿ ಉಂಡವರು ಲಿಂಗಾಯತರು, ಒಕ್ಕಲಿಗರು ಮತ್ತು ಅರಸು ಮನೆತನಗಳವರು. ಹೊಲಗೇರಿಯ ಹುಡುಗ ಹುದ್ದೆಗೆ ಅರ್ಜಿ ಹಾಕುವ ಮಟ್ಟಕ್ಕೆ ಬರಬೇಕಾದರೆ ಮೊದಲು ಹಾಸ್ಟೆಲಿನಲ್ಲಿ ಹತ್ತು ವರ್ಷ ಊಟ ಮಾಡಬೇಕಿತ್ತಲ್ಲ! ಅದೇ ಹೊತ್ತಿಗೆ ‘ಪಂಚಮ’ ಎಂಬ ಹೆಸರು ಸರ್ಕಾರಿ ಕಡತಗಳಿಂದ ಇಳಿದು ‘ಆದಿಕರ್ನಾಟಕ’, ‘ಆದಿದ್ರಾವಿಡ’ ಬಂದವು. ಈ ನೆಲಕ್ಕೆ ನಾವೇ ಮೊದಲಿಗರು ಎಂಬ ದಾವೆ ಆ ಹೆಸರಿನೊಳಗೆ ಇತ್ತು. ಕಾಲ ಕಳೆದಂತೆ ದಾವೆ ಹೋಗಿ ‘ಎ.ಕೆ.’, ‘ಎ.ಡಿ.’ ಎಂಬ ಎರಡೆರಡು ಅಕ್ಷರ ಮಾತ್ರ ಜಾತಿ ಸರ್ಟಿಫಿಕೇಟಿನಲ್ಲಿ ಉಳಿಯಿತು.

ಹಾಸ್ಟೆಲೇ ಹೋರಾಟದ ಮೊದಲ ಮೆಟ್ಟಿಲು ಎಂಬುದು ಮೈಸೂರಿನವರು ಮಾತ್ರ ಕಂಡುಕೊಂಡದ್ದಲ್ಲ. 1902ರಲ್ಲಿಯೇ ಸರ್ಕಾರಿ ಹುದ್ದೆಗಳಲ್ಲಿ ಅರ್ಧ ಪಾಲನ್ನು ಹಿಂದುಳಿದವರಿಗೆ ಮೀಸಲಿಟ್ಟ ಕೊಲ್ಹಾಪುರದ ಶಾಹು ಮಹಾರಾಜರು ತಮ್ಮ ಊರನ್ನೇ ವಿದ್ಯಾರ್ಥಿ ನಿಲಯಗಳ ಊರಾಗಿ ಮಾಡಿದ್ದರು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದ ಅಂಬೇಡ್ಕರ್ ಮರುವರ್ಷವೇ ಸೊಲ್ಲಾಪುರದಲ್ಲಿ ಹಾಸ್ಟೆಲ್ ತೆರೆದರು. ನಮ್ಮ ಕರಾವಳಿಯಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ಶುರುಮಾಡಿ, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಸಾರಸ್ವತ ಬಳಗದ ಬಹಿಷ್ಕಾರ ಸಹಿಸಿಕೊಂಡು 1928ರಲ್ಲಿ ತೀರಿಕೊಂಡರು. ತಾವು ಓದಿಸಿದ ಮಕ್ಕಳು ಒಂದು ದಿನ ಕಾರಿನಲ್ಲಿ ಹೋಗಬೇಕು, ಅದು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು ಎಂದು ಅವರು ಬಯಸಿದ್ದು ಮಂಗಳೂರಿನವರಿಗೆಲ್ಲ ಗೊತ್ತಿರುವ ಮಾತು. ಅದೇ ಮಂಗಳೂರಿನಲ್ಲಿ 1960ರಲ್ಲಿ ರೋಶನಿ ನಿಲಯದ ಸಮಾಜಕಾರ್ಯ ಶಾಲೆ ಹುಟ್ಟಿತು. ಚಿಲಿಂಬಿಯ ಶಾಲೆಗೂ ರೋಶನಿ ನಿಲಯಕ್ಕೂ ನಡುವೆ ಸುಮಾರು ಎಪ್ಪತ್ತು ವರ್ಷ. ಅಷ್ಟು ವರ್ಷ ಈ ಕೆಲಸ ಮಾಡಿದವರಿಗೆ ‘ಸಮಾಜಕಾರ್ಯಕರ್ತ’ ಎಂಬ ಸರ್ಟಿಫಿಕೇಟು ಇರಲಿಲ್ಲ.

ಸರ್ಟಿಫಿಕೇಟು ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಶಾಲೆ ತೆರೆಯಿತು. ಈಗಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ ಅದೇ. ಅದರ ಮೊದಲ ನಿರ್ದೇಶಕರು ಅಮೆರಿಕದಿಂದ ಬಂದ ಪಾದ್ರಿ ಕ್ಲಿಫರ್ಡ್ ಮ್ಯಾನ್‌ಷಾರ್ಟ್. ಪಠ್ಯವೂ ಆ ಕಡೆಯದೇ: ವ್ಯಕ್ತಿಯ ಸಮಸ್ಯೆ, ಕುಟುಂಬದ ಹೊಂದಾಣಿಕೆ, ಗುಂಪಿನೊಡನೆ ಕೆಲಸ. ಮುಂದೆ ಕರ್ನಾಟಕದ ವಿಶ್ವವಿದ್ಯಾನಿಲಯಗಳಲ್ಲಿ, ನಮ್ಮ ಮಾನಸಗಂಗೋತ್ರಿಯೂ ಸೇರಿ, ತೆರೆದ ವಿಭಾಗಗಳು ಆ ಅಚ್ಚಿನಲ್ಲೇ ಎರಕ ಹೊಯ್ದವು. ಅಮೆರಿಕದಿಂದ ಪುಸ್ತಕ ಬಂತು, ಅಮೆರಿಕದ ಜಗಳ ಬರಲಿಲ್ಲ. ಅಲ್ಲಿ ಕರಿಯರಿಗೆ ಬಿಳಿಯರ ಶಾಲೆಗಳಲ್ಲಿ ಪ್ರವೇಶವಿಲ್ಲದ ಕಾಲದಲ್ಲಿ, 1920ರಲ್ಲಿ, ಅಟ್ಲಾಂಟಾದಲ್ಲಿ ಕರಿಯರಿಗಾಗಿ ಸಮಾಜಕಾರ್ಯ ಶಾಲೆ ಹುಟ್ಟಿತ್ತು. ಅದನ್ನು ನಡೆಸುತ್ತಿದ್ದ ಇ. ಫ್ರಾಂಕ್ಲಿನ್ ಫ್ರೇಜಿಯರ್ ಎಂಬ ಕರಿಯ ವಿದ್ವಾಂಸರು 1927ರಲ್ಲಿ ಒಂದು ಲೇಖನ ಬರೆದು, ವರ್ಣದ್ವೇಷ ಎಂಬುದು ಬಿಳಿಯರಿಗೆ ಹಿಡಿದ ಒಂದು ಬಗೆಯ ಹುಚ್ಚು ಎಂದು ವಾದಿಸಿದರು. ರೋಗಿ ಯಾರು ಎಂಬ ಪ್ರಶ್ನೆಯನ್ನೇ ತಿರುಗಿಸಿಬಿಟ್ಟರು! ಬೆದರಿಕೆಗಳ ನಡುವೆ ಅವರು ಆ ಊರು ಬಿಡಬೇಕಾಯಿತು. 1968ರಲ್ಲಿ ಅಲ್ಲಿನ ಕರಿಯ ಸಮಾಜಕಾರ್ಯಕರ್ತರು ದೊಡ್ಡ ಸಮ್ಮೇಳನದಿಂದ ಎದ್ದು ಬಂದು ತಮ್ಮದೇ ಸಂಘ ಕಟ್ಟಿಕೊಂಡರು. ಇದೊಂದೂ ನಮ್ಮ ತರಗತಿಯ ತನಕ ಬರಲಿಲ್ಲ. ಬಂದಿದ್ದರೆ ರಂಗೇಗೌಡರ ಬಹಿಷ್ಕಾರವನ್ನೂ ಫ್ರೇಜಿಯರ್ ಊರು ಬಿಟ್ಟದ್ದನ್ನೂ ಪಕ್ಕಪಕ್ಕ ಇಟ್ಟು ಓದಬಹುದಿತ್ತು.

ಮೈಸೂರಿನಲ್ಲಿ ಆ ಪ್ರಶ್ನೆಯನ್ನು ತಿರುಗಿಸಿದ್ದು ಯಾವ ವಿಭಾಗವೂ ಅಲ್ಲ, ಒಬ್ಬ ಮಂತ್ರಿಯ ಭಾಷಣ. 1973ರ ನವೆಂಬರ್. ದೇವರಾಜ ಅರಸು ಸಂಪುಟದಲ್ಲಿದ್ದು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದ ಬಿ. ಬಸವಲಿಂಗಪ್ಪನವರು ಇದೇ ಊರಿನಲ್ಲಿ ಮಾತಾಡುತ್ತಾ ಕನ್ನಡ ಸಾಹಿತ್ಯದ ಬಹುಪಾಲನ್ನು ಬೂಸಾ ಎಂದರು. ಹಸುವಿಗೆ ಹಾಕುವ ಬೂಸಾ ರಾಜ್ಯವನ್ನೇ ಹತ್ತಿ ಉರಿಸಿತು. ಕಾಲೇಜುಗಳಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಕುವೆಂಪು ಬಸವಲಿಂಗಪ್ಪನವರ ಪರ ನಿಂತರು. ಆದರೂ ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ನೋಡಬೇಕಾದದ್ದು ಆಮೇಲಿನದನ್ನು. ಹಲ್ಲೆ ಕಂಡ ಆ ತಲೆಮಾರಿನವರೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿದರು; ದೇವನೂರ ಮಹಾದೇವ ಮತ್ತು ಅವರ ಗೆಳೆಯರು ಮೈಸೂರಿನಿಂದ ಪತ್ರಿಕೆ ಹೊರಡಿಸಿ ಅದಕ್ಕೆ ‘ಪಂಚಮ’ ಎಂದು ಹೆಸರಿಟ್ಟರು. ಸರ್ಕಾರ ಐವತ್ತು ವರ್ಷದ ಹಿಂದೆ ಕಡತದಿಂದ ಕಿತ್ತುಹಾಕಿದ್ದ ಹೆಸರನ್ನು ಇವರು ಬೇಕೆಂದೇ ಎತ್ತಿ ತಲೆಗೆ ಕಟ್ಟಿಕೊಂಡರು. ಅದೇ ದಶಕದಲ್ಲಿ ಮುಂಬಯಿಯ ಹುಡುಗರು ಅಮೆರಿಕದ ಕರಿ ಚಿರತೆಗಳ ಹೆಸರಿನ ಮೇಲೆ ದಲಿತ ಪ್ಯಾಂಥರ್ಸ್ ಎಂದು ಕರೆದುಕೊಂಡಿದ್ದರು. ಅಮೆರಿಕದ ಜಗಳ ಕೊನೆಗೂ ಬಂದದ್ದು ಗ್ರಂಥಾಲಯದಿಂದಲ್ಲ, ಬೀದಿಯಿಂದ.

ಅಶೋಕಪುರಂ ಆ ಹೊತ್ತಿಗೆ ಬರೀ ಕೇರಿಯಾಗಿ ಉಳಿದಿರಲಿಲ್ಲ. ರೈಲ್ವೆ ವರ್ಕ್‌ಷಾಪಿನ ಸಂಬಳ, ಸರ್ಕಾರಿ ಕಚೇರಿಯ ಕೆಲಸ, ಹಾಸ್ಟೆಲಿನಲ್ಲಿ ಓದಿ ಬಂದವರ ಮನೆಗಳು. ತಿಂಗಳ ಮೊದಲ ತಾರೀಖಿಗೆ ಕೈಗೆ ಬರುವ ಹಣ ಜನರ ಬೆನ್ನನ್ನು ಹೇಗೆ ನೇರ ಮಾಡುತ್ತದೆ ಎಂಬುದನ್ನು ಇಲ್ಲಿ ನೋಡಬೇಕು. ಗೌಡನ ಹೊಲದ ಕೂಲಿಯನ್ನು ನೆಚ್ಚಬೇಕಿಲ್ಲದ ದಲಿತ ಕುಟುಂಬಗಳು ಒಂದೇ ಕಡೆ ಸಾವಿರಗಟ್ಟಲೆ ಸಿಗುವ ಜಾಗ ಈ ಸೀಮೆಯಲ್ಲಿ ಬೇರೆ ಯಾವುದಿತ್ತು? ಏಪ್ರಿಲ್ 14ರಂದು ಅಂಬೇಡ್ಕರ್ ಉದ್ಯಾನದ ಸುತ್ತ ಜನ ಸೇರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆರು ಸಲ ಚಾಮರಾಜನಗರದಿಂದ ಲೋಕಸಭೆಗೆ ಗೆದ್ದ ವಿ. ಶ್ರೀನಿವಾಸ ಪ್ರಸಾದ್ 1947ರಲ್ಲಿ ಹುಟ್ಟಿದ್ದು ಇದೇ ಬಡಾವಣೆಯಲ್ಲಿ.

ಇಂಥ ಜಾಗಕ್ಕೆ ನಾವು ‘ಕ್ಷೇತ್ರಕಾರ್ಯ’ಕ್ಕೆಂದು ಬರುತ್ತಿದ್ದೆವು. ನಾನು ಓದಿದ ಸಂಸ್ಥೆಯ ಹೆಸರು ಇಲ್ಲಿ ಬೇಡ. ಎಲ್ಲ ಕಡೆಯೂ ಹೆಚ್ಚು ಕಡಿಮೆ ಅದೇ ಪದ್ಧತಿ. ವಾರಕ್ಕೆ ಎರಡು ದಿನ, ಕುತ್ತಿಗೆಗೆ ಗುರುತಿನ ಚೀಟಿ, ಕೈಯಲ್ಲಿ ಉದ್ದನೆಯ ವರದಿ ಪುಸ್ತಕ. ಮನೆಮನೆಗೆ ಹೋಗಿ ಸಮೀಕ್ಷೆ: ಕುಟುಂಬದ ಯಜಮಾನ, ಜಾತಿ, ಉಪಜಾತಿ, ಆದಾಯ, ಕುಡಿತದ ಅಭ್ಯಾಸ ಇದೆಯೇ. ಒಂದು ಮಧ್ಯಾಹ್ನ ಒಬ್ಬ ಅಜ್ಜಿ ನಮ್ಮ ಐದು ಜನಕ್ಕೂ ಲೋಟದಲ್ಲಿ ಟೀ ತಂದು ಕೊಟ್ಟರು. ಇಬ್ಬರು ಉಪವಾಸ ಎಂದರು. ಒಬ್ಬಳಿಗೆ ಟೀ ಅಭ್ಯಾಸವಿಲ್ಲ. ಅವಳು ಪ್ರತಿ ಬೆಳಿಗ್ಗೆ ಕ್ಯಾಂಟೀನಿನಲ್ಲಿ ನನ್ನ ಎದುರಿಗೇ ಕೂತು ಟೀ ಕುಡಿಯುತ್ತಿದ್ದಳು. ನಾನು ಲೋಟ ತೆಗೆದುಕೊಂಡೆ. ತುಟಿಗೆ ಇಡಲು ಮಾತ್ರ ಬಹಳ ಹೊತ್ತು ಬೇಕಾಯಿತು.

‘ಯಾಕ್ ಮಗ, ಆರೋಯ್ತದೆ ಕುಡಿ’ ಎಂದರು ಅಜ್ಜಿ. ಆಮೇಲೆ ಬಾಗಿಲ ಕಡೆ ತಿರುಗಿ, ಯಾರಿಗೂ ಹೇಳದವರಂತೆ, ‘ನಮ್ಮ ಮೊಮ್ಮಗಾನೂ ಇದೇ ಓದು ಓದ್ತಾವ್ನೆ’ ಎಂದರು.

ಆ ದಿನದ ವರದಿಯಲ್ಲಿ ನಾನು ಬರೆದದ್ದು ‘ಸಮುದಾಯದ ಸಹಕಾರ ಉತ್ತಮವಾಗಿತ್ತು’ ಎಂದು. ಮೇಲ್ವಿಚಾರಕರು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದರು. ಅಜ್ಜಿಯ ಮೊಮ್ಮಗ ನಮ್ಮ ಹಿಂದಿನ ವರ್ಷದ ತರಗತಿಯಲ್ಲಿದ್ದವನು ಎಂದು ನನಗೆ ಗೊತ್ತಾದದ್ದು ತಿಂಗಳ ಮೇಲೆ. ಅವನಿಗೂ ಇದೇ ಕೇರಿಯನ್ನು ಕ್ಷೇತ್ರವೆಂದು ಕೊಟ್ಟಿದ್ದರು. ತನ್ನ ಸ್ವಂತ ಮನೆಯ ಸಮೀಕ್ಷಾ ಪತ್ರವನ್ನು ಅವನು ಹೇಗೆ ತುಂಬಿದನೋ, ಕುಡಿತದ ಕಲಮಿನ ಮುಂದೆ ಏನು ಬರೆದನೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಆ ವರ್ಷಗಳಲ್ಲಿ ನಮಗೆ ಜಾತಿಯ ಪಾಠ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಸಂವಿಧಾನದ 17ನೇ ವಿಧಿ, 1955ರ ಅಸ್ಪೃಶ್ಯತಾ ಅಪರಾಧ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ ಎಲ್ಲವೂ ಟಿಪ್ಪಣಿಯಲ್ಲಿದ್ದವು. ಜಾತಿ ಯಾವಾಗಲೂ ‘ಅವರ ಸಮಸ್ಯೆ’ಯಾಗಿ ಬರುತ್ತಿತ್ತು, ಬಡತನದ ಹಾಗೆ, ಕ್ಷಯದ ಹಾಗೆ. 1993ರ ಮಾರ್ಚ್‌ನಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ದೇವಸ್ಥಾನ ಪ್ರವೇಶದ ತಕರಾರು ಬೆಳೆದು ಮೂವರು ದಲಿತರ ಕೊಲೆಯಾಯಿತು. ಖಾದಿ ಕೇಂದ್ರದಿಂದ ಹೆಸರಾಗಿದ್ದ ಊರು ಅದು. ಮೈಸೂರಿನಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ವಾಪಸು ಬರಬಹುದಾದಷ್ಟು ಹತ್ತಿರ. ಅಶೋಕಪುರಂ ಜನರಿಗೆ ಅದು ನೆಂಟರ ಊರಿನ ಸಾವು. ನಮ್ಮ ತರಗತಿಗಳಲ್ಲಿ ಅದು ಬಂದದ್ದು ‘ಗ್ರಾಮೀಣ ಸಂಘರ್ಷ’ ಎಂಬ ಅಧ್ಯಾಯಕ್ಕೆ ಒಂದು ಉದಾಹರಣೆಯಾಗಿ.

ಬದಲಾವಣೆಗಳು ಬಂದದ್ದು ಬಹುಪಾಲು ಹೊರಗಿನ ಒತ್ತಡದಿಂದ. 2001ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ವಿಶ್ವಸಂಸ್ಥೆಯ ವರ್ಣಭೇದ ವಿರೋಧಿ ಸಮ್ಮೇಳನ ನಡೆದಾಗ ಜಾತಿಯನ್ನೂ ಅದರೊಳಗೆ ಸೇರಿಸಿ ಎಂದು ದಲಿತ ಸಂಘಟನೆಗಳು ಕೇಳಿದವು. ಜಾತಿ ಬೇರೆ, ಜನಾಂಗ ಬೇರೆ ಎಂದು ಭಾರತ ಸರ್ಕಾರ ಅಡ್ಡ ನಿಂತಿತು. ಶಾಸ್ತ್ರದ ಲೆಕ್ಕದಲ್ಲಿ ಸರ್ಕಾರದ ಮಾತು ಸರಿಯಿರಬಹುದು, ಜಾತಿ ಮೈಬಣ್ಣದಲ್ಲಿ ಕಾಣುವುದಿಲ್ಲ. ಆದರೆ ಅಟ್ಲಾಂಟಾದ ಬೇರೆ ನಲ್ಲಿಗೂ ನಮ್ಮೂರಿನ ಬೇರೆ ಬಾವಿಗೂ ನೀರು ಕುಡಿಯುವವನ ಮಟ್ಟಿಗೆ ಏನು ವ್ಯತ್ಯಾಸ? ಮರುವರ್ಷ ವಿಶ್ವಸಂಸ್ಥೆಯ ಸಮಿತಿಯೊಂದು ಹುಟ್ಟಿನ ಮೇಲೆ ನಡೆಯುವ ಭೇದವೂ ತನ್ನ ವ್ಯಾಪ್ತಿಗೆ ಸೇರಿದ್ದೇ ಎಂದಿತು. ಮುಂಬಯಿಯ ಟಾಟಾ ಸಂಸ್ಥೆಯಲ್ಲಿ ದಲಿತ ಮತ್ತು ಆದಿವಾಸಿ ಅಧ್ಯಯನವೇ ಸಮಾಜಕಾರ್ಯದ ಒಂದು ವಿಶೇಷ ಕೋರ್ಸಾಗಿ ಬಂತು. ಕಲಿಸುವವರಲ್ಲೂ ಕಲಿಯುವವರಲ್ಲೂ ಆ ಸಮುದಾಯಗಳವರೇ ಮುಂದೆ ನಿಂತರು. 2012ರಲ್ಲಿ ಯು.ಜಿ.ಸಿ. ಸಮಾನತೆಯ ನಿಯಮ ಮಾಡಿ, ಕಾಲೇಜುಗಳೊಳಗೆ ಜಾತಿ ತಾರತಮ್ಯದ ದೂರು ಕೇಳುವ ವ್ಯವಸ್ಥೆ ಇರಬೇಕು ಎಂದಿತು. ನಿಯಮ ಗೋಡೆಯ ಮೇಲೆ ಅಂಟಿತು. 2016ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ತೀರಿಕೊಂಡಾಗ ಅದು ಅಲ್ಲೇ ಇತ್ತು. 2023ರಲ್ಲಿ ಅಮೆರಿಕದ ಸಿಯಾಟಲ್ ನಗರ ಜಾತಿಭೇದವನ್ನು ನಿಷೇಧಿಸಿತು. ಆ ಊರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಮೈಸೂರಿನ ಹುಡುಗರೂ ಸಾಕಷ್ಟಿದ್ದಾರೆ. ಇಲ್ಲಿಂದ ಹೊತ್ತುಕೊಂಡು ಹೋದದ್ದು ಉಪ್ಪಿನಕಾಯಿ ಮಾತ್ರ ಅಲ್ಲ ಎಂದಾಯಿತು.

ಇಲ್ಲಿ ಒಬ್ಬ ಅಧ್ಯಾಪಕರ ಬಗ್ಗೆ ಹೇಳದಿದ್ದರೆ ನನ್ನ ಲೆಕ್ಕ ಚುಕ್ತಾ ಆಗುವುದಿಲ್ಲ. ನಾನು ಪಾಠ ಹೇಳುವ ಕೆಲಸಕ್ಕೆ ಸೇರಿದ ಮೊದಲ ವರ್ಷ ಅವರು ಹಿರಿಯರು. ಹೆಸರು ಹಾಕುವುದು ಅವರಿಗೆ ಇಷ್ಟವಾಗದು. ಕ್ಷೇತ್ರಕಾರ್ಯ ಶುರುವಾಗುವ ಮೊದಲ ಹದಿನೈದು ದಿನ ಅವರು ವಿದ್ಯಾರ್ಥಿಗಳನ್ನು ಎಲ್ಲಿಗೂ ಕಳಿಸುತ್ತಿರಲಿಲ್ಲ. ಅದೇ ಸಮೀಕ್ಷಾ ಪತ್ರ ಕೊಟ್ಟು, ‘ನಿಮ್ಮ ಮನೆಗೆ ಹೋಗಿ ತುಂಬ್ಕೊಂಡು ಬನ್ನಿ’ ಎನ್ನುತ್ತಿದ್ದರು. ಕೊನೆಗೆ ನಾಲ್ಕು ಪ್ರಶ್ನೆ ತಾವೇ ಸೇರಿಸಿದ್ದರು: ನಿಮ್ಮ ಮನೆಯ ಅಡುಗೆಮನೆಯ ತನಕ ಯಾರು ಬರುತ್ತಾರೆ, ಯಾರು ಬರುವುದಿಲ್ಲ? ಹೊರಗಿನವರಿಗೆಂದು ಬೇರೆ ಲೋಟ ಇದೆಯೇ? ಇದ್ದರೆ ಎಲ್ಲಿ ಇಡುತ್ತೀರಿ? ತೊಳೆಯುವವರು ಯಾರು?

ಮೊದಲ ವರ್ಷ ಮೂವರು ಹುಡುಗರು ಪುಸ್ತಕ ಖಾಲಿಯಾಗಿಯೇ ವಾಪಸು ತಂದರು. ಇಬ್ಬರು ಪೋಷಕರು ಬಂದು ಜಗಳ ಆಡಿದರು. ಅಶೋಕಪುರಂನ ಒಬ್ಬ ಹುಡುಗಿ ಮಾತ್ರ ಎಂಟು ಪುಟ ಬರೆದಿದ್ದಳು. ಅವಳ ಅಜ್ಜಿ ಹಿಂದೆ ಚಾಮರಾಜಪುರದ ಮನೆಯೊಂದರಲ್ಲಿ ಹೊರಗಿನ ಕಸಮುಸುರೆ ಮಾಡುತ್ತಿದ್ದವರಂತೆ. ಆ ಮನೆಯ ಹಿತ್ತಿಲ ಗೂಡಿನಲ್ಲಿ ಇಟ್ಟಿದ್ದ ಸಿಲ್ವರ್ ಲೋಟದ ಆಕಾರ, ಅಂಚಿನ ಸೊಟ್ಟು, ಅದರಲ್ಲಿ ಕುಡಿದ ಕಾಫಿಯ ರುಚಿ ಎಲ್ಲ ಅದರಲ್ಲಿತ್ತು. ನಾಲ್ಕನೆಯ ಪ್ರಶ್ನೆಗೆ ಅವಳ ಉತ್ತರ ಒಂದೇ ಸಾಲಿನದು: ಅದನ್ನು ತೊಳೆಯುತ್ತಿದ್ದವರು ನಮ್ಮ ಅಜ್ಜಿಯೇ.

ನಾನೂ ಆ ವರ್ಷ, ಯಾರೂ ಹೇಳದಿದ್ದರೂ, ಒಂದು ಪತ್ರ ಇಸಿದುಕೊಂಡು ಊರಿಗೆ ಹೋದೆ. ನಮ್ಮ ಮನೆಯ ದನದ ಕೊಟ್ಟಿಗೆಯ ಸೂರಿನಲ್ಲಿ, ಗಳುವಿಗೂ ಹೆಂಚಿಗೂ ನಡುವೆ ಸಿಕ್ಕಿಸಿದ್ದ ತೆಂಗಿನ ಕರಟ ನಾನು ಹುಟ್ಟಿದಾಗಿನಿಂದ ನೋಡಿದ್ದೇ. ಕೂಲಿಗೆ ಬಂದವರು ಅದನ್ನು ತಾವೇ ತೆಗೆದು, ಬಗ್ಗಿ, ಮೇಲಿನಿಂದ ಸುರಿದ ನೀರು ಕುಡಿದು, ತಾವೇ ತೊಳೆದು ಸಿಕ್ಕಿಸುತ್ತಿದ್ದರು. ಕರಟ ಈಗ ಇರಲಿಲ್ಲ. ಯಾವಾಗ ತೆಗೆದಿರಿ ಎಂದು ಕೇಳಿದೆ. ‘ತೆಗ್ದಿದ್ದು ಯಾರು? ಕೂಲಿಗ್ ಬರೋರೇ ಬಾಟ್ಲಿ ತರಕ್ ಶುರು ಮಾಡುದ್ರು’ ಎಂದರು ಅವ್ವ.

ಅದನ್ನು ಹಾಗೆಯೇ ಬರೆದುಕೊಂಡೆ.